ಅಚೌರ್ಯ ಮತ್ತು ಅನಿಹ್ನವ: ಕೃತಿಚೌರ್ಯವನ್ನು ಕುರಿತು ಒಂದು ವಿವೇಚನೆ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಅದರ ಐದು ಅತಿಚಾರಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ವಂಚಿಸುವುದು, ಕಲಬೆರಕೆ ಮಾಡುವುದು. ಇವೆಲ್ಲ ಅಂಗಡಿಯ ವ್ಯವಹಾರಕ್ಕೆ ಸೇರಿದವು. ಆದುದರಿಂದ ಕೆಲವರು ಕೇಳುವುದುಂಟು: "ಅಡಿಕೆಯ ಚೀಲ ಕದ್ದರೆ ಒಡೆಯನಿಗೆ ಚೀಲ ಹೋಯಿತು. ಅವನ ಬರಹವನ್ನು ನಾನು ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದರೆ ಅವನ ಪುಸ್ತಕ ಅವನಲ್ಲಿಯೇ ಉಳಿಯಿತಲ್ಲ! ಇದರಲ್ಲಿ ಕಳವು ಎಲ್ಲಿ?"

ಈ ಪ್ರಶ್ನೆಗೆ ಉತ್ತರವು ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿದೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಆಚಾರ್ಯರು ನಿಹ್ನವವನ್ನು ಹೆಸರಿಸುತ್ತಾರೆ. ನಿಹ್ನವವೆಂದರೆ ಮರೆಮಾಚುವಿಕೆ: ತಿಳಿದುದನ್ನು ತಿಳಿಯದೆನ್ನುವುದು, ಯಾರಿಂದ ಕಲಿತೆನೋ ಅವರ ಹೆಸರನ್ನು ಅಡಗಿಸುವುದು. ಇದಕ್ಕೆ ಪ್ರತಿಯಾಗಿ ಎಂಟು ಬಗೆಯ ಜ್ಞಾನಾಚಾರದಲ್ಲಿ ಅನಿಹ್ನವವೂ ಒಂದಾಗಿದೆ. ಹೀಗೆ ಕೃತಿಚೌರ್ಯವು ಹೊರಗಿನಿಂದ ಕಳವು, ಒಳಗಿನಿಂದ ನಿಹ್ನವ. ಒಡೆಯನು ಕಳೆದುಕೊಳ್ಳುವುದು ತನ್ನ ಹೆಸರನ್ನು. ಕದ್ದವನು ಕಳೆದುಕೊಳ್ಳುವುದು ತನ್ನ ಜ್ಞಾನವನ್ನು. ಎಲ್ಲಿಂದ ತಂದೆನೆಂದು ಹೇಳಲಾಗದವನು ಯಾರ ಪ್ರಶ್ನೆಗೂ ಉತ್ತರಿಸಲಾರ, ತಪ್ಪನ್ನು ತಿದ್ದಿಕೊಳ್ಳಲೂ ಆರ. ಆವರಣವೆಂದರೆ ಇದೇ ಅಲ್ಲವೆ?

ಹಾಗಾದರೆ ಹಿಂದಿನವರಿಂದ ಪಡೆಯುವುದೆಲ್ಲ ದೋಷವೇ? ನಮ್ಮ ರನ್ನ ಕವಿಯ ವಿಷಯದಲ್ಲಿ ಈ ಚರ್ಚೆ ಬಹುಕಾಲದಿಂದ ನಡೆದಿದೆ. ಅವನ ಗದಾಯುದ್ಧವು ಪಂಪನ ವಿಕ್ರಮಾರ್ಜುನ ವಿಜಯದ ಹದಿಮೂರನೆಯ ಆಶ್ವಾಸಕ್ಕೂ ಭಟ್ಟನಾರಾಯಣನ ವೇಣೀಸಂಹಾರಕ್ಕೂ ಬಹಳ ಋಣಿಯಾಗಿದೆ. ಮಾತುಗಳೂ ಸನ್ನಿವೇಶಗಳೂ ಹಲವೆಡೆ ಹೋಲುತ್ತವೆ. ಆದರೂ ಅದನ್ನು ಕೃತಿಚೌರ್ಯವೆನ್ನಲು ನನಗೆ ಮನಸ್ಸು ಬಾರದು. ಪಂಪನಲ್ಲಿ ಭಾರತಕಥೆಯ ಒಂದು ಭಾಗವಾಗಿದ್ದ ಗದಾಯುದ್ಧವನ್ನು ರನ್ನನು ಕೇಂದ್ರದಲ್ಲಿಟ್ಟು, ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಅಲ್ಲಿಂದ ತಿರುಗಿ ನೋಡಿದನು. ದುರ್ಯೋಧನನಿಗೆ ಅವನು ಕೊಟ್ಟ ಘನತೆ ಅವನದೇ. ಅದಕ್ಕಿಂತ ಮಿಗಿಲಾಗಿ, ಅಜಿತಪುರಾಣದಲ್ಲಿ ಪಂಪ, ಪೊನ್ನರನ್ನು ಹೆಸರಿಸಿ, ಅವರೊಡನೆ ತನ್ನನ್ನೂ ಸೇರಿಸಿ ರತ್ನತ್ರಯವೆಂದು ಸಾರಿದನು. ಅವನಲ್ಲಿ ಹೆಮ್ಮೆ ಇತ್ತು, ನಿಹ್ನವ ಇರಲಿಲ್ಲ. ಇದೇ ಕಾವ್ಯವನ್ನು ನಾಟಕಕ್ಕೆ ಅಳವಡಿಸಿದ ಬಿ.ಎಂ.ಶ್ರೀಯವರು ರನ್ನನ ಹೆಸರನ್ನು ಮರೆಸಲಿಲ್ಲ. ತಮ್ಮ ಅನುವಾದಗಳ ಸಂಕಲನಕ್ಕಂತೂ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟು, ಋಣವನ್ನು ಮುಖಪುಟದಲ್ಲಿಯೇ ಒಪ್ಪಿಕೊಂಡರು.

ಹೆಸರು ಬಿಟ್ಟರೆ ಆಗುವ ನಷ್ಟವನ್ನು ಹದಿಮೂರನೆಯ ಶತಮಾನದ ಒಂದೇ ಮನೆಯಲ್ಲಿ ನೋಡಬಹುದು. ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಸಂಗ್ರಹಿಸಿ ಮಹೋಪಕಾರ ಮಾಡಿದನು. ಆದರೆ ಕವಿಗಳ ಹೆಸರನ್ನು ಕೊಡಲಿಲ್ಲ. ಅವನಲ್ಲಿ ಕಪಟವಿರಲಿಲ್ಲ, ಪದ್ಯಗಳನ್ನು ತನ್ನವೆಂದು ಅವನು ಹೇಳಿಕೊಳ್ಳಲೂ ಇಲ್ಲ. ಆದರೂ ಯಾವ ಪದ್ಯ ಯಾರದೆಂದು ವಿದ್ವಾಂಸರು ಹುಡುಕುತ್ತ ಕೂರಬೇಕಾಯಿತು. ಅವನ ಮಗ ಕೇಶಿರಾಜನಾದರೋ ಶಬ್ದಮಣಿದರ್ಪಣದಲ್ಲಿ ತನಗೆ ಲಕ್ಷ್ಯವಾದ ಗಜಗ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದವರನ್ನು ಹೆಸರಿಟ್ಟು ಸ್ಮರಿಸಿದನು. ಕೃತಿಗಳು ಕಳೆದುಹೋದ ಕವಿಗಳ ಹೆಸರೂ ಇದರಿಂದ ಉಳಿಯಿತು.

ನಮ್ಮ ಶಿಕಾರಿಪುರ, ಸೊರಬ ಸೀಮೆಗೆ ಈ ವಿಚಾರ ಹೊರಗಿನದಲ್ಲ. ತಾಳಗುಂದದ ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನದಲ್ಲಿ ಕವಿ ಕುಬ್ಜನು, ಇದು ತನ್ನ ಕಾವ್ಯ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ತಿಳಿಸಿದ್ದಾನೆ. ಹದಿನೈದು ನೂರು ವರ್ಷಗಳ ಹಿಂದೆಯೇ ಕೃತಿಗೆ ಕರ್ತೃವಿನ ಹೆಸರು ಬೇಕೆಂಬ ಪ್ರಜ್ಞೆ ಇಲ್ಲಿತ್ತು. ಇಂದಿನ ಸ್ಥಿತಿ ಹೇಗಿದೆ? ಬಂದಳಿಕೆಯ ಬಸದಿ, ಸಲ್ಲೇಖನ ಕೈಗೊಂಡ ನಾಳ್ಗಾವುಂಡಿ ಜಕ್ಕಿಯಬ್ಬೆ, ಉದ್ರಿ, ಕುಪ್ಪಟೂರುಗಳ ಜಿನಶಾಸನಗಳು, ಇವುಗಳ ವಿಷಯವಾಗಿ ಸ್ಮರಣ ಸಂಚಿಕೆಗಳಲ್ಲಿ ಬರುವ ಲೇಖನಗಳ ಮೂಲ ಬಹುಪಾಲು ಒಂದೇ. 1902 ಮತ್ತು 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು, ಎಂಟನೆಯ ಸಂಪುಟಗಳು. ಬಿ.ಎಲ್. ರೈಸ್ ಮತ್ತು ಅವರ ಕಚೇರಿಯ ಪಂಡಿತರು ಊರೂರು ತಿರುಗಿಸಿ ಅಚ್ಚೊತ್ತಿ ತಂದ ಪಾಠಗಳವು. ಅವರ ಹೆಸರೂ ಇಲ್ಲದೆ, ಶಾಸನದ ಸಂಖ್ಯೆಯೂ ಇಲ್ಲದೆ, ತಾವೇ ಕಲ್ಲನ್ನು ಓದಿದಂತೆ ಬರೆಯುವವರನ್ನು ಏನೆನ್ನಬೇಕು? ಒಂದು ಸಂಚಿಕೆಯಲ್ಲಿ ಇಸವಿಯ ಒಂದು ಅಂಕೆ ತಪ್ಪಿದರೆ, ಅದು ಹತ್ತು ಸಂಚಿಕೆಗಳಿಗೆ ಹರಡುತ್ತದೆ. ಮೂಲ ಕಾಣದ ಕಾರಣ ತಿದ್ದುವವರೂ ಇಲ್ಲ. ಕೊನೆಗೆ ನಮ್ಮ ಪೂರ್ವಿಕರ ಧರ್ಮಪ್ರಭಾವನೆಯ ಸಾಕ್ಷ್ಯವೇ ಸಂಶಯಕ್ಕೆ ಗುರಿಯಾಗುತ್ತದೆ.

ಕಾನೂನು ಇಲ್ಲಿ ನೆರವಾಗದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಮಾನ್ಯವಾಗಿ ಲೇಖಕನ ಮರಣದ ಅರವತ್ತು ವರ್ಷಗಳ ಬಳಿಕ ಹಕ್ಕು ಮುಗಿಯುತ್ತದೆ. ರೈಸ್ ತೀರಿಕೊಂಡದ್ದು 1927ರಲ್ಲಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಸಂಶೋಧನ ಪ್ರಬಂಧಗಳಲ್ಲಿ ಶೇಕಡಾ ಹತ್ತರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಗಣಕಯಂತ್ರವು ಶಬ್ದಗಳ ಹೋಲಿಕೆಯನ್ನು ಎಣಿಸೀತು. ಶಬ್ದ ಬದಲಿಸಿ ಕದ್ದ ವಿಚಾರವನ್ನು ಕದ್ದವನ ಅಂತರಂಗವೇ ಬಲ್ಲದು. ಅನಿಹ್ನವಕ್ಕೆ ಅವಧಿಯೂ ಇಲ್ಲ, ಶೇಕಡಾ ಲೆಕ್ಕವೂ ಇಲ್ಲ.

ವಾಚಕರಲ್ಲಿ ವ್ಯಾಪಾರಸ್ಥರು ಬಹಳ. ಅವರಿಗೆ ನಮ್ಮ ಮಂಡಿಯ ಪದ್ಧತಿಯೇ ಸಾಕಾದ ದೃಷ್ಟಾಂತ. ಬಂದ ಅಡಿಕೆಗೆ ಬೆಳೆಗಾರನ ಹೆಸರು ಹಚ್ಚುತ್ತೇವೆ. ಮಾರಿದ ಹಣವನ್ನು ಅವನ ಖಾತೆಗೆ ಜಮಾ ಮಾಡಿ, ನಮ್ಮ ದಲಾಲಿಯನ್ನು ನಾವು ಪಡೆಯುತ್ತೇವೆ. ಅದು ನ್ಯಾಯವಾದ ಸಂಪಾದನೆ. ಆ ತೋಟ ನಮ್ಮದೆಂದು ಯಾರೂ ಹೇಳಿಕೊಳ್ಳುವುದಿಲ್ಲ. ಬರವಣಿಗೆಯಲ್ಲಿಯೂ ಇಷ್ಟು ಪ್ರಾಮಾಣಿಕತೆ ಸಾಕು. ಇನ್ನೊಬ್ಬರ ಮಾತಾದರೆ ಉದ್ಧರಣ ಚಿಹ್ನೆ, ಇನ್ನೊಬ್ಬರ ವಿಚಾರವಾದರೆ ಅವರ ಹೆಸರು, ಶಾಸನವಾದರೆ ಸಂಪುಟ ಮತ್ತು ಸಂಖ್ಯೆ. ಹಿರಿಯರಿಂದ ಬಾಯಿಮಾತಿನಲ್ಲಿ ಕೇಳಿದ್ದಾದರೆ ಹಾಗೆಂದೇ ಬರೆಯಬೇಕು. ಇದಕ್ಕೆ ತಗಲುವ ಸ್ಥಳ ಒಂದೆರಡು ಸಾಲು ಮಾತ್ರ. ಹೆಸರು ಹೇಳಿದವನ ಪಾಂಡಿತ್ಯ ಕುಂದುವುದಿಲ್ಲ. ಅವನ ಮಾತಿನ ಮೇಲೆ ಓದುವವರಿಗೆ ನಂಬಿಕೆ ಬೆಳೆಯುತ್ತದೆ, ಅವನ ಜ್ಞಾನದ ಆವರಣವೂ ಅಷ್ಟರಮಟ್ಟಿಗೆ ತೆಳುವಾಗುತ್ತದೆ.