ಹಿರಿಯ ಮಗನ ತಕರಾರು

ದುಂದುಗಾರ ಮಗನ ಕತೆಯ ಮೊದಲರ್ಧ ಕ್ರೈಸ್ತರಲ್ಲದವರಿಗೂ ಪರಿಚಿತ. ತಂದೆ ಬದುಕಿರುವಾಗಲೇ ಪಾಲು ಕೇಳಿ ಹೊರಟ ಕಿರಿಯ, ದೂರದೇಶದ ಬರಗಾಲ, ಹಂದಿ ಮೇಯಿಸುವ ಕೆಲಸ, ಮರಳಿ ಬಂದವನನ್ನು ಓಡಿಹೋಗಿ ತಬ್ಬಿಕೊಳ್ಳುವ ತಂದೆ. ರೆಂಬ್ರಾಂಟ್ ಕೊನೆಗಾಲದಲ್ಲಿ ಬಿಡಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಆ ಅಪ್ಪುಗೆಯ ಬಲಗಡೆ ಕೆಂಪು ನಿಲುವಂಗಿ ತೊಟ್ಟವನೊಬ್ಬ ನೆಟ್ಟಗೆ ನಿಂತಿದ್ದಾನೆ. ಅವನೇ ಹಿರಿಯ ಮಗನೆಂದು ಬಹಳ ಮಂದಿ ಗುರುತಿಸುತ್ತಾರೆ. ಲೂಕನ ಸುವಾರ್ತೆಯ ಕತೆಯಲ್ಲಾದರೆ ಆ ಹೊತ್ತಿಗೆ ಹಿರಿಯ ಅಲ್ಲಿರಲೇ ಇಲ್ಲ, ಹೊಲದಲ್ಲಿ ದುಡಿಯುತ್ತಿದ್ದ. ಹಬ್ಬದೂಟಕ್ಕೆ ಕರೆಯಲು ಅವನ ಬಳಿಗೆ ಯಾರೂ ಆಳು ಕಳಿಸಿದಂತೆಯೂ ಇಲ್ಲ. ವಾದ್ಯದ ಸದ್ದು ಕೇಳಿ ಅವನೇ ಆಳನ್ನು ವಿಚಾರಿಸಬೇಕಾಯಿತು.

ಸುಂಕದವರ ಜೊತೆ, ಪಾಪಿಗಳ ಜೊತೆ ಯೇಸು ಉಣ್ಣುತ್ತಾನೆಂದು ಗೊಣಗಿದ ಫರಿಸಾಯರಿಗೂ ಶಾಸ್ತ್ರಿಗಳಿಗೂ ಹೇಳಿದ ಕತೆ ಇದು. ತಂದೆ ಎರಡು ಸಲ ಮನೆಯಿಂದ ಹೊರಗೆ ಬರುತ್ತಾನೆ: ಒಮ್ಮೆ ಕಿರಿಯನಿಗಾಗಿ, ಇನ್ನೊಮ್ಮೆ ಮುನಿದು ಹೊಸ್ತಿಲಾಚೆ ನಿಂತ ಹಿರಿಯನಿಗಾಗಿ. ತನ್ನ ಗೆಳೆಯರ ಜೊತೆ ಸಂತೋಷಪಡಲು ಒಂದು ಆಡಿನ ಮರಿಯನ್ನೂ ಕೊಡದವನು, ಆಸ್ತಿ ಕರಗಿಸಿ ಬಂದವನಿಗೆ ಕೊಬ್ಬಿಸಿದ ಕರುವನ್ನೇ ಕೊಯ್ಯಿಸಿದ ಎಂಬುದು ಹಿರಿಯನ ತಕರಾರು. ತಂದೆ ಅವನನ್ನು ಗದರುವುದಿಲ್ಲ. ಹಿರಿಯ ಕೊನೆಗೆ ಒಳಗೆ ಹೋದನೇ ಎಂಬುದನ್ನು ಲೂಕ ಹೇಳುವುದೂ ಇಲ್ಲ.

ಕತೆಗಾರ ತೆರೆದಿಟ್ಟ ಈ ಬಾಗಿಲನ್ನು ಮುಚ್ಚಲು ವ್ಯಾಖ್ಯಾನಕಾರರಿಗೆ ಬಲು ಅವಸರ. ಜೆರೋಮ್ ಪೋಪ್ ದಮಾಸಸ್‌ಗೆ ಬರೆದ ಪತ್ರದಲ್ಲಾಗಲಿ, ಆಗಸ್ಟೀನನ ಸುವಾರ್ತಾ ಪ್ರಶ್ನೋತ್ತರಗಳಲ್ಲಾಗಲಿ, ಹಿರಿಯ ಮಗನೆಂದರೆ ಯೆಹೂದ್ಯರು, ಕಿರಿಯನೆಂದರೆ ಅನ್ಯಜನಾಂಗಗಳಿಂದ ಬಂದ ಕ್ರೈಸ್ತರು ಎಂಬ ಓದು ನೆಲೆಯೂರಿತು. ಯೆಹೂದ್ಯ ವಿದ್ವಾಂಸೆ ಏಮಿ ಜಿಲ್ ಲೆವಿನ್ 2014ರ ತಮ್ಮ ಪುಸ್ತಕದಲ್ಲಿ ಇಂಥ ಓದಿನ ಬೇರನ್ನೇ ಅಲುಗಾಡಿಸಿದ್ದಾರೆ. ಹೊಟ್ಟೆಕಿಚ್ಚನ್ನು ಯೆಹೂದ್ಯರ ತಲೆಗೆ ಕಟ್ಟಿದವರು ಅದೇ ಯೆಹೂದ್ಯರ ಒಂದು ಪದ್ಧತಿಯನ್ನು ಗಮನಿಸಿದಂತಿಲ್ಲ. ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ಮಧ್ಯಾಹ್ನ ಸಿನಗಾಗ್‌ಗಳಲ್ಲಿ ಓದುವುದು ಯೋನನ ಪುಸ್ತಕವನ್ನು. ಶತ್ರುನಗರ ನಿನೆವೆ ಪಶ್ಚಾತ್ತಾಪಪಟ್ಟು ಉಳಿದುಕೊಂಡಿತಲ್ಲ ಎಂದು ಸಿಡಿಮಿಡಿಗೊಂಡು ಸಾವನ್ನೇ ಬೇಡುವ ಪ್ರವಾದಿ ಯೋನ. ಕ್ಷಮೆ ಬೇಡಲು ಉಪವಾಸ ಕೂತ ಜನ, ಬೇರೆಯವರಿಗೆ ಸಿಕ್ಕ ಕ್ಷಮೆಯನ್ನು ಸಹಿಸಲಾಗದ ತಮ್ಮವನೊಬ್ಬನ ಕತೆಯನ್ನು ತಾವೇ ಓದಿಕೊಳ್ಳುತ್ತಾರೆ. ಕ್ರೈಸ್ತ ವ್ಯಾಖ್ಯಾನದ ಮುಖ್ಯಧಾರೆಗೆ ಈ ಧೈರ್ಯ ಬಹುಕಾಲ ಬರಲಿಲ್ಲ.

ಬರಬೇಕಿತ್ತು. ಹಿರಿಯ ಮಗನ ಜಾಗದಲ್ಲಿ ನಿಂತು ಜಗಳವಾಡಿದ ಚರಿತ್ರೆ ಕ್ರೈಸ್ತ ಸಭೆಯದೇ ಆಗಿತ್ತು.

ಕಾರ್ಥೇಜಿನ ತೆರ್ತುಲ್ಯನ್ ಪಶ್ಚಾತ್ತಾಪದ ಕುರಿತ ತನ್ನ ಆರಂಭದ ಕೃತಿಯಲ್ಲಿ ಕಳೆದ ನಾಣ್ಯ, ಕಳೆದ ಕುರಿ, ಕಳೆದ ಮಗ ಮೂರನ್ನೂ ತೋರಿಸಿ, ದೀಕ್ಷಾಸ್ನಾನದ ನಂತರ ಎಡವಿದವನಿಗೂ ದಾರಿಯಿದೆ ಎಂದು ಹುರಿದುಂಬಿಸಿದ್ದ. ಮುಂದೆ ಬಿಗಿನಿಲುವಿನ ಮೊಂತಾನಸ್ ಪಂಥದತ್ತ ವಾಲಿದ. ವ್ಯಭಿಚಾರದ ಪಾಪಕ್ಕೂ ಕ್ಷಮೆಯುಂಟೆಂದು ಬಿಷಪನೊಬ್ಬ ಘೋಷಿಸಿದಾಗ ಕೆರಳಿ ಇನ್ನೊಂದು ಕೃತಿ ಬರೆದ. ಅದರಲ್ಲಿ ಇದೇ ಮಗ ಕ್ರೈಸ್ತನೇ ಅಲ್ಲ, ದೀಕ್ಷೆಗೆ ಮೊದಲಿನ ಅನ್ಯಧರ್ಮೀಯ! ಹಾಗಲ್ಲದಿದ್ದರೆ ದುಂದುಮಾಡಲು ಯಾರು ತಾನೇ ಅಂಜುತ್ತಾರೆ ಎಂಬುದು ಅವನ ವಾದ. ಲೇಖಕನೂ ಅವನೇ, ಕತೆಯೂ ಅದೇ. ಬದಲಾದದ್ದು ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂಬುದು ಮಾತ್ರ.

ಮೂರನೆಯ ಶತಮಾನದ ನಡುವೆ ಈ ಜಗಳ ಪುಸ್ತಕದಿಂದ ಬೀದಿಗೆ ಬಂತು. ಸಾಮ್ರಾಜ್ಯದವರೆಲ್ಲ ದೇವತೆಗಳಿಗೆ ಬಲಿ ಸಲ್ಲಿಸಿ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ದೇಶಿಯಸ್ ಆಜ್ಞೆ ಹೊರಡಿಸಿದ. ಈಜಿಪ್ಟಿನ ಮರಳಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಪಪೈರಸ್ ಮೇಲೆ ಸಿಕ್ಕಿವೆ. ಕ್ರೈಸ್ತರಲ್ಲಿ ಕೆಲವರು ಬಲಿ ಕೊಟ್ಟರು, ಕೆಲವರು ಧೂಪ ಹಾಕಿ ಪಾರಾದರು, ಕೆಲವರು ಲಂಚ ಕೊಟ್ಟು ಬರೀ ಕಾಗದ ಗಿಟ್ಟಿಸಿಕೊಂಡರು. ಗಾಳಿ ತಣ್ಣಗಾದ ಮೇಲೆ ಅವರೆಲ್ಲ ಸಭೆಗೆ ಮರಳಲು ಬಂದರು.

ಹಿರಿಯ ಮಗನ ಸಿಟ್ಟು ಯಾರಿಗೆ ಬರಬೇಕಿತ್ತು? ಚಿತ್ರಹಿಂಸೆ ಉಂಡು ಸೆರೆಯಲ್ಲಿದ್ದವರಿಗೆ. ಕಾರ್ಥೇಜಿನಲ್ಲಿ ಆದದ್ದು ತಿರುಗುಮುರುಗು. ಹೀಗೆ ಬಿದ್ದವರನ್ನು ಮರಳಿ ಸೇರಿಸಿಕೊಳ್ಳಿರೆಂದು ಸೆರೆಮನೆಯಿಂದಲೇ ಶಾಂತಿಪತ್ರ ಬರೆದುಕೊಟ್ಟವರು ಆ ಗಾಯಾಳುಗಳಲ್ಲೇ ಹಲವರು; ಅವಸರ ಬೇಡ ಎಂದು ತಡೆದವನು ತಲೆಮರೆಸಿಕೊಂಡಿದ್ದ ಬಿಷಪ್ ಸಿಪ್ರಿಯನ್. ಅವನನ್ನು ಹೇಡಿ ಎನ್ನುವಂತಿಲ್ಲ, 258ರಲ್ಲಿ ಅವನೇ ಶಿರಚ್ಛೇದಕ್ಕೆ ಕೊರಳೊಡ್ಡಿದ. ಪತ್ರಗಳ ಹಂಚಿಕೆ ಅಂಕೆ ಮೀರಿತ್ತು ಎಂಬ ಅವನ ಆಕ್ಷೇಪದಲ್ಲೂ ಹುರುಳಿತ್ತು. 251ರಲ್ಲಿ ಬಿಷಪರು ಸೇರಿ, ಕಾಗದ ಮಾತ್ರ ಪಡೆದವರನ್ನು ವಿಚಾರಿಸಿ ಸೇರಿಸಿಕೊಳ್ಳಬಹುದು, ಬಲಿ ಕೊಟ್ಟವರು ಪ್ರಾಯಶ್ಚಿತ್ತ ಮಾಡುತ್ತ ಸಾವಿನ ಹಾಸಿಗೆಯವರೆಗೂ ಕಾಯಬೇಕು ಎಂದು ತೀರ್ಮಾನಿಸಿದರು. ಮತ್ತೆ ಹಿಂಸೆಯ ಸುಳಿವು ಸಿಕ್ಕಾಗ ಆ ಕಾಯುವಿಕೆಯನ್ನೂ ಬಿಟ್ಟುಕೊಟ್ಟರು.

ರೋಮಿನ ನೊವೇಶಿಯನ್‌ಗೆ ಇಷ್ಟು ಸಡಿಲವೂ ಒಪ್ಪಿಗೆಯಾಗಲಿಲ್ಲ. ಬೇರೆ ಸಭೆಯನ್ನೇ ಕಟ್ಟಿದ. ಮುಕ್ಕಾಲು ಶತಮಾನ ಕಳೆದು, 325ರ ನೈಸೀಯಾ ಮಹಾಸಭೆಯ ಹೊತ್ತಿಗೆ, ಆ ಪಂಥದ ಬಿಷಪ್ ಅಸೇಸಿಯಸ್ ಅದೇ ಬಿಗಿಯನ್ನು ವಿವರಿಸಿದಾಗ ಚಕ್ರವರ್ತಿ ಕಾನ್ಸ್ಟಂಟೀನ್, ಹಾಗಾದರೆ ಏಣಿ ಹಾಕಿಕೊಂಡು ಒಬ್ಬನೇ ಸ್ವರ್ಗಕ್ಕೆ ಹತ್ತು ಎಂಬರ್ಥದಲ್ಲಿ ಚುಚ್ಚಿದನೆಂದು ಇತಿಹಾಸಕಾರ ಸಾಕ್ರೆಟಿಸ್ ದಾಖಲಿಸಿದ್ದಾನೆ. ಮಾತು ಚುರುಕಾಗಿದೆ. ಆದರೆ ನಂಬಿಕೆಗಾಗಿ ಎಂದೂ ಏಟು ತಿನ್ನದ ಅರಸನಿಗೆ ಅದು ಸುಲಭದ ಮಾತೂ ಹೌದು.

ಉತ್ತರ ಆಫ್ರಿಕದ ದೊನಾತಿಸ್ಟರ ಮುನಿಸನ್ನು ಹಾಗೆ ನಕ್ಕು ತಳ್ಳಲಾಗದು. 303ರಲ್ಲಿ ದಯೊಕ್ಲೀಶಿಯನ್ ಧರ್ಮಗ್ರಂಥಗಳನ್ನು ಒಪ್ಪಿಸಲು ಆಜ್ಞೆ ಮಾಡಿದಾಗ ಒಪ್ಪಿಸಿದ ಪಾದ್ರಿಗಳು ಒಂದು ಕಡೆ, ಕೊಡದೆ ಸತ್ತವರು ಇನ್ನೊಂದು ಕಡೆ. ಅಬಿತಿನಾ ಊರಿನ ಸೆರೆಯಾಳುಗಳಿಗೆ ಕಾರ್ಥೇಜಿನಲ್ಲಿ ಜನ ತಂದ ಅನ್ನವನ್ನು ಸಿಸಿಲಿಯನ್ ತಡೆದನೆಂಬುದು ದೊನಾತಿಸ್ಟರು ಕಾಪಿಟ್ಟುಕೊಂಡ ಆರೋಪ. ಅದೇ ಸಿಸಿಲಿಯನ್ ಅಲ್ಲಿನ ಬಿಷಪನಾದ; ಅವನನ್ನು ಒಪ್ಪದೆ ಬೇರೆಯಾದವರೇ ದೊನಾತಿಸ್ಟರು. ಅವನಿಗೆ ಹಸ್ತಾರ್ಪಣೆ ಮಾಡಿದವರಲ್ಲೊಬ್ಬ ಗ್ರಂಥ ಒಪ್ಪಿಸಿದವನೆಂಬ ದೂರೂ ಇತ್ತು. ವಿಚಾರಣೆಯಲ್ಲಿ ಆ ದೂರು ಬಿದ್ದುಹೋಯಿತು, ಮುನಿಸು ಹೋಗಲಿಲ್ಲ. ಸತ್ತವರ ಮನೆಯವರನ್ನು ಒಂದು ಮಾತು ಕೇಳದೆ ಮೇಲಿನವರೇ ಕ್ಷಮೆ ಮುಗಿಸಿಬಿಟ್ಟರೆ ಅದರಿಂದ ಹುಟ್ಟುವ ಮುನಿಸನ್ನು ಬರೀ ಹೊಟ್ಟೆಕಿಚ್ಚು ಎನ್ನುವುದು ಅನ್ಯಾಯ.

ಹಾಗೆಂದು ಅವರೇನೂ ಒಂದೇ ತಕ್ಕಡಿ ಹಿಡಿದವರಲ್ಲ. 394ರಲ್ಲಿ ತಮ್ಮಿಂದಲೇ ಸಿಡಿದ ಮ್ಯಾಕ್ಸಿಮಿಯನ್ ಬಣವನ್ನು ಕಟುವಾಗಿ ಖಂಡಿಸಿ, ಕೆಲವೇ ವರ್ಷಗಳಲ್ಲಿ ಅದರ ಬಿಷಪರಲ್ಲಿ ಕೆಲವರನ್ನು ಪದವಿ ಸಮೇತ ಮರಳಿ ಸೇರಿಸಿಕೊಂಡರು. ತಮ್ಮ ಹೊರಗೆ ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲವೆನ್ನುತ್ತಿದ್ದವರು ಇಲ್ಲಿ ಮರುದೀಕ್ಷೆಯನ್ನೂ ಕೇಳಲಿಲ್ಲ. ಹಿಪ್ಪೋದ ಬಿಷಪ್ ಆಗಸ್ಟೀನ್ ಈ ಎಡವಟ್ಟನ್ನು ಎತ್ತಿ ಎತ್ತಿ ಆಡಿದ.

ಆಗಸ್ಟೀನನ ವಾದ ಗಟ್ಟಿಯದು: ದೀಕ್ಷೆ ಕ್ರಿಸ್ತನದು, ಕೊಡುವವನ ಕೈ ಕೊಳೆಯಾದರೆ ಅದು ಕೆಡುವುದಿಲ್ಲ. ಅವನು ಸೋತದ್ದು ಇನ್ನೊಂದು ಕಡೆ. ಮೊದಮೊದಲು ಬಲಪ್ರಯೋಗ ಬೇಡವೆಂದಿದ್ದವನು, ರಾಜಾಜ್ಞೆಗೆ ಹೆದರಿ ಊರಿಗೆ ಊರೇ ಮರಳಿದ್ದನ್ನು ಕಂಡು ಮನಸ್ಸು ಬದಲಿಸಿದ. 408ರ ಸುಮಾರಿಗೆ ವಿನ್ಸೆಂಶಿಯಸ್‌ಗೆ ಬರೆದ ಪತ್ರದಲ್ಲಿ ಅದನ್ನು ತಾನೇ ಒಪ್ಪಿಕೊಂಡಿದ್ದಾನೆ. ಬಲವಂತಕ್ಕೆ ಅವನು ಹಿಡಿದ ಆಧಾರ ಲೂಕನ ಹದಿನಾಲ್ಕನೆಯ ಅಧ್ಯಾಯ, ಔತಣದ ಮನೆ ತುಂಬಲೆಂದು ದಾರಿಹೋಕರನ್ನು ಒತ್ತಾಯಿಸಿ ಕರೆತರಲು ಹೇಳುವ ಯಜಮಾನನ ಮಾತು. ಮುಂದಿನ ಅಧ್ಯಾಯದಲ್ಲೇ ಇನ್ನೊಂದು ಔತಣವಿದೆ. ಅಲ್ಲಿ ಒಳಗೆ ಬರಲೊಲ್ಲದ ಮಗನನ್ನು ತಂದೆ ಬೇಡಿಕೊಳ್ಳುತ್ತಾನೆಯೇ ಹೊರತು ಆಳುಗಳಿಂದ ಎಳೆಸುವುದಿಲ್ಲ. ದೊನಾತಿಸ್ಟರಂಥವರಿಗೆ ಹೇಳಿ ಮಾಡಿಸಿದಂತಿದ್ದ ಈ ಕತೆಯ ಬದಲು ಆಗಸ್ಟೀನ್ ಹಿಂದಿನ ಪುಟಕ್ಕೆ ಹೋದ. ಶತಮಾನಗಳ ಧರ್ಮದಂಡನೆಗೆ ಆ ಆಯ್ಕೆಯೇ ಪ್ರಮಾಣವಾಯಿತು.

411ರ ಜೂನಿನಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ಐನೂರಕ್ಕೂ ಹೆಚ್ಚು ಬಿಷಪರು ವಾದಕ್ಕೆ ಕೂಡಿದರು. ಅದಕ್ಕೆ ಮುನ್ನ ಆಗಸ್ಟೀನನ ಪಕ್ಷ ಒಂದು ಮಾತು ಕೊಟ್ಟಿತ್ತು: ನೀವು ಸೋತರೂ ನಿಮ್ಮ ಬಿಷಪ್ ಪದವಿ ಉಳಿಯುತ್ತದೆ, ಪೀಠವನ್ನು ಹಂಚಿಕೊಳ್ಳೋಣ, ಜನಕ್ಕೆ ಇಬ್ಬರು ಬೇಡವೆನಿಸಿದರೆ ಇಬ್ಬರೂ ಇಳಿಯೋಣ. ಆ ನೂರು ವರ್ಷಗಳ ವ್ಯಾಜ್ಯದಲ್ಲಿ ಅಂಗಳಕ್ಕೆ ಇಳಿದು ಬಂದ ತಂದೆಯ ನಡೆಗೆ ಇಷ್ಟು ಹತ್ತಿರವಾದದ್ದು ಬೇರೊಂದಿಲ್ಲ. ತೀರ್ಪು ದೊನಾತಿಸ್ಟರ ವಿರುದ್ಧ ಬಂತು. 412ರ ಜನವರಿಯಲ್ಲಿ ಚಕ್ರವರ್ತಿ ಹೊನೋರಿಯಸ್‌ನ ಶಾಸನ ಹೊರಟಿತು: ಮರಳದವರಲ್ಲಿ ಅತ್ಯುನ್ನತ ದರ್ಜೆಯವರಿಗೆ 50 ಪೌಂಡು ಚಿನ್ನದ ದಂಡ, ಸಾಮಾನ್ಯ ಪ್ರಜೆಗೆ 5 ಪೌಂಡು, ಗುಲಾಮರಿಗೆ ಒಡೆಯರ ಎಚ್ಚರಿಕೆ, ಜಮೀನಿನ ಒಕ್ಕಲುಗಳಿಗೆ ಛಡಿಯೇಟು.