ಕಾರಿನ ಮುಂದೆ ನಿಂತವಳು

ಬ್ರಿಟಿಷ್ ‘ವೋಗ್’ ಪತ್ರಿಕೆಯ 1925ರ ಜನವರಿ ಮುಖಪುಟದಲ್ಲಿ ಹೆಣ್ಣೊಬ್ಬಳು ಮೋಟಾರು ಕಾರಿನ ಮುಂದೆ ನಿಂತಿದ್ದಾಳೆ. ಅವಳ ಉಡುಪಿನ ಬಣ್ಣದ ಚೌಕಗಳೇ ಕಾರಿನ ಮೈಮೇಲೂ ಇವೆ. ಆ ವಿನ್ಯಾಸ ಸೋನಿಯಾ ಡೆಲೊನೆ ಅವರದು, ಚಿತ್ರ ಬರೆದವರು ಜಾರ್ಜ್ ಲೆಪಾಪ್. ಇದೇ ಲೆಪಾಪ್ 1911ರಲ್ಲಿ ವಿನ್ಯಾಸಕ ಪಾಲ್ ಪೊಯ್ರೆಯ ಉಡುಪುಗಳಿಗೆ ಬರೆದ ಹೆಂಗಸರು ತಲೆಗೆ ಪೇಟ ಸುತ್ತಿ, ಜನಾನಾದಿಂದ ಈಗಷ್ಟೇ ಎದ್ದು ಬಂದವರಂತಿದ್ದರು. ನಡುವೆ ಒಂದು ಮಹಾಯುದ್ಧ ಆಗಿಹೋಗಿತ್ತು.

ಇಪ್ಪತ್ತರ ದಶಕದ ಕಲಾವಿದರು ಬರೆದಷ್ಟು ಉದ್ದನೆಯ, ಚಪ್ಪಟೆ ಮೈಯ ಹೆಣ್ಣು ಪ್ಯಾರಿಸ್ಸಿನ ಯಾವ ಬೀದಿಯಲ್ಲೂ ಇರಲಿಲ್ಲ. ಎಡ್ವರ್ಡೊ ಬೆನಿಟೊ ಬರೆದ ಮುಖಗಳನ್ನೇ ನೋಡಿ: ಮೊಟ್ಟೆಯಾಕಾರದ ತಲೆ, ಕಂಬದಂಥ ಕತ್ತು, ಗೀರಿನಂಥ ಕಣ್ಣು. ಉಡುಪಿನ ನಡು ಸೊಂಟದಿಂದ ಕೆಳಕ್ಕೆ ಜಾರಿತ್ತು, ಅಂಚು ಮಂಡಿಯತ್ತ ಏರಿತ್ತು. ದರ್ಜಿ ಅಳತೆಪಟ್ಟಿ ಹಿಡಿಯುವ ಮೊದಲೇ ಕುಂಚ ಹೊಸ ಮೈಯೊಂದನ್ನು ಕಡೆದಿಟ್ಟಿತ್ತು ಎಂಬುದು ನನ್ನ ಅಂಬೋಣ. ಕ್ರಾಪು ಕೂದಲಿನ ಇಂಥ ಹುಡುಗಿಯ ಕಥೆಯಾದ ‘ಲಾ ಗಾರ್ಸಾನ್’ ಕಾದಂಬರಿ ಬರೆದದ್ದಕ್ಕೆ ವಿಕ್ಟರ್ ಮಾರ್ಗರೀತ್ ಸರ್ಕಾರ ಕೊಟ್ಟಿದ್ದ ಪದಕವನ್ನೇ ಕಳೆದುಕೊಂಡರು. ಚಿತ್ರದ ಹುಡುಗಿಯರಿಗೆ ಮಾತ್ರ ಮುಖಪುಟದಲ್ಲೇ ಮಣೆ!

ಲೂಸಿಯಾಂ ವೊಜೆಲ್ 1912ರಲ್ಲಿ ಆರಂಭಿಸಿದ ‘ಗಜೆಟ್ ದ್ಯು ಬಾಂ ತಾಂ’ ಪತ್ರಿಕೆಯ ಪುಟಗಳ ಸೊಗಸೇ ಬೇರೆ. ಅದರ ಚಿತ್ರಗಳಿಗೆ ಬಣ್ಣ ಕೊಟ್ಟದ್ದು ‘ಪೊಶ್ವಾರ್’ ಪದ್ಧತಿಯಲ್ಲಿ. ಒಂದೊಂದು ಬಣ್ಣಕ್ಕೂ ತೆಳು ಲೋಹದ ಹಾಳೆಯಲ್ಲಿ ಬೇರೆ ಬೇರೆ ಅಚ್ಚು ಕತ್ತರಿಸಿ, ಅದನ್ನು ಕಾಗದದ ಮೇಲಿಟ್ಟು ಕೈಯಿಂದಲೇ ಬಣ್ಣ ಒತ್ತುತ್ತಿದ್ದರು. ಹಾಗಾಗಿ ಕಲಾವಿದ ಬಾರ್ಬಿಯೆ ಬರೆದ ಚಿತ್ರದ ಒಂದು ಕಪ್ಪು ನಿಲುವಂಗಿ ಕೂಡ ಮುದ್ರಣದ ಶಾಯಿಯಂತೆ ಸತ್ತು ಮಲಗದೆ, ಗಟ್ಟಿ ಬಣ್ಣವಾಗಿ ಕಾಗದದ ಮೇಲೆ ಕೂತಿರುತ್ತದೆ. ಇಷ್ಟು ಕೈಕೆಲಸದ ಪತ್ರಿಕೆ ಅಗ್ಗಕ್ಕೆ ಸಿಗುವುದುಂಟೇ? 1925ಕ್ಕೆ ನಿಂತೇಹೋಯಿತು.

ಮೂವತ್ತರ ದಶಕದಲ್ಲಿ ನಡು ಮತ್ತೆ ಸೊಂಟಕ್ಕೆ ಬಂತು, ಅಂಚು ಇಳಿಯಿತು. ಕಲಾವಿದರಾದ ಎರಿಕ್, ಬೆರಾರ್ ಅವರ ನೀರುನೀರಾದ ಗೆರೆಗಳಲ್ಲಿ ಹೆಣ್ಣು ಮತ್ತೆ ಮೈತುಂಬಿಕೊಂಡಳು. ಅವರ ಕೈಚಳಕ ದೊಡ್ಡದೇ, ಆದರೆ ಅವರ ಹೆಂಗಸರು ಔತಣಕ್ಕೆ ಹೊರಟವರು. ಲೆಪಾಪನ ಹೆಣ್ಣು ಎಲ್ಲಿಗೆ ಹೊರಟಿದ್ದಾಳೋ ಹೇಳಲಾಗದು, ನನಗೆ ಅವಳೇ ಇಷ್ಟ. 1932ರ ಜುಲೈನಲ್ಲಿ ‘ವೋಗ್’ ಎಡ್ವರ್ಡ್ ಸ್ಟೈಕನ್ ತೆಗೆದ ಬಣ್ಣದ ಫೋಟೊವನ್ನು ಮುಖಪುಟಕ್ಕೆ ಹಾಕಿತು. ಅಲ್ಲಿಂದ ಮುಂದೆ ಕ್ಯಾಮೆರಾದ್ದೇ ಕಾಲ.

‘ಗಜೆಟ್’ನ ಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನೋಡುವಾಗ ಚಿತ್ರವನ್ನು ಹಿಗ್ಗಿಸಿ, ಬಣ್ಣದ ಅಂಚನ್ನು ಗಮನಿಸಿ.