ಗಲಗಲಿಯೊಂದೇ ಸಾಕು

ಕನ್ನಡ ವಿಕಿಪೀಡಿಯದ ಲೇಖನಗಳೆಲ್ಲ ಒಂದೇ ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಳ್ಳಲು ಸಿಗುತ್ತವೆ. ಪ್ರತಿ ಲೇಖನವೂ ಅಲ್ಲೊಂದು ‘ಪೇಜ್’. ಅದರೊಳಗೆ ‘ಟೈಟಲ್’, ‘ರಿವಿಷನ್’, ಇನ್ನೂ ಒಳಗೆ ‘ಟೆಕ್ಸ್ಟ್’. ಈಗ ಕೃಷ್ಣೆಯ ದಂಡೆಯ ಗಲಗಲಿಯ ಪುಟವಷ್ಟೇ ಬೇಕು. ಮುಧೋಳ ಬೇಡ, ಜಮಖಂಡಿಯೂ ಬೇಡ. ಅದಕ್ಕೆಂದು, ಎಕ್ಸ್‌ಎಂಎಲ್ ರೂಪಾಂತರಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದ ಕಡತವನ್ನು ಯಾರಾದರೂ ಮುಂದಿಟ್ಟರೆ ಎಲ್ಲಿ ತಲೆದೂಗಬೇಕು?

ಮೊದಲು, ಬೇಡದ್ದರ ಬಾಯಿ ಹೇಗೆ ಮುಚ್ಚಿಸಿದ್ದಾರೆ ನೋಡಿ. ನೀವು ನಿಯಮ ಬರೆಯದ ಕಡೆ ಈ ಭಾಷೆ ತನ್ನದೇ ನಿಯಮ ಓಡಿಸುತ್ತದೆ: ಒಳಗಿಳಿ, ಅಕ್ಷರ ಕಂಡರೆ ಹೊರಗೆ ಸುರಿ. ಗಲಗಲಿಯ ‘ಪೇಜ್’ಗೆ ಮಾತ್ರ ಟೆಂಪ್ಲೇಟ್ ಬರೆದವರಿಗೆ ಅದರ ಹಿಂದೆಮುಂದೆ ಇಡೀ ವಿಕಿಪೀಡಿಯ ಬಂದು ಬೀಳುತ್ತದೆ. ಪಠ್ಯಕ್ಕೊಂದು ಖಾಲಿ ಟೆಂಪ್ಲೇಟ್ ಇಟ್ಟರೆ ಸದ್ದು ಅಡಗೀತು, ಅಲೆದಾಟ ತಪ್ಪದು. ಬಲ್ಲವರು ಬೇರಿಗೇ ಟೆಂಪ್ಲೇಟ್ ಬರೆದು, ಬೇಕಾದ ಪುಟವನ್ನು ನಕಲಿಸುವ ಒಂದೇ ‘ಕಾಪಿ-ಆಫ್’ ಇಟ್ಟು ಕೈತೊಳೆದುಕೊಳ್ಳುತ್ತಾರೆ.

ಆ ‘ಕಾಪಿ-ಆಫ್’ ಹಿಡಿದ ದಾರಿಯಲ್ಲೇ ನಿಜವಾದ ರುಚಿ. ಜೋಡಿ ಓರೆಗೆರೆ ಎಂದರೆ ‘ಎಷ್ಟೇ ಆಳದಲ್ಲಿದ್ದರೂ ಹುಡುಕು’ ಎಂಬ ಅಪ್ಪಣೆ. ಪುಟಗಳೆಲ್ಲ ‘ಮೀಡಿಯಾವಿಕಿ’ ಎಂಬ ಹೊರ ಟ್ಯಾಗಿನ ನೇರ ಮಕ್ಕಳಾಗಿರುವಾಗ ಅದೇಕೆ? ಬೇರಿನಿಂದ ಮೀಡಿಯಾವಿಕಿ, ಅಲ್ಲಿಂದ ಪೇಜ್, ಟೈಟಲ್ ಗಲಗಲಿ, ಕೊನೆಗೆ ಚೌಕ ಕಂಸದಲ್ಲಿ 1: ಜಾಣ ಪ್ರೊಸೆಸರ್ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತದೆ. ಅದೇ 1 ಅನ್ನು ಜೋಡಿ ಓರೆಗೆರೆಯ ‘ಟೈಟಲ್’ಗೆ ಅಂಟಿಸಿದರೆ ಮೊದಲ ಶೀರ್ಷಿಕೆಯೊಂದೇ ಬರುವುದಿಲ್ಲ, ಪ್ರತಿ ಪುಟದ್ದೂ ಬರುತ್ತದೆ. ಒಂದೇ ಹುಡುಕಾಟಕ್ಕೆ ‘ಕೀ’ ಕಟ್ಟಿದವರನ್ನು ಹೊಗಳಬೇಡಿ; ಊರಿಗೆಲ್ಲ ಸೂಚಿ ಮಾಡಿ ಒಂದು ಬಾಗಿಲು ತಟ್ಟಿದಂತೆ ಅದು. ಏನೂ ಬರದಿದ್ದರೆ, ಬಹುಮಟ್ಟಿಗೆ, ಕಡತದ ಟ್ಯಾಗ್‌ಗಳಿಗೆ ಅಂಟಿದ ನೇಮ್‌ಸ್ಪೇಸ್ ಮರೆತಿದ್ದಾರೆ.

ಎಕ್ಸ್‌ಎಸ್‌ಎಲ್‌ಟಿಯ 1999ರ 1.0 ಆವೃತ್ತಿಯ ಪ್ರೊಸೆಸರ್‌ಗಳು ಸಾಮಾನ್ಯವಾಗಿ ಇಡೀ ಮರವನ್ನು ಮೊದಲು ಮೆಮೊರಿಗೆ ತುಂಬಿಕೊಳ್ಳುತ್ತವೆ. ದಾರಿ ಎಷ್ಟು ನೇರವಿದ್ದರೂ ಆ ಹೊರೆ ಇಳಿಯದು. 2017ರ 3.0ದಲ್ಲಿ, ಇಡೀ ಮರ ತುಂಬಿಕೊಳ್ಳದೆ ಹರಿದು ಬಂದಂತೆ ಓದುವ ಸ್ಟ್ರೀಮಿಂಗ್ ಬಂತು. ಒಂದೊಂದೇ ಪುಟದ ನಕಲು ತೆಗೆದು, ಹೆಸರು ನೋಡಿ, ಅಲ್ಲದಿದ್ದರೆ ಬಿಟ್ಟು, ಗಲಗಲಿ ಸಿಕ್ಕೊಡನೆ ‘ಇಟರೇಟ್’ನಿಂದ ‘ಬ್ರೇಕ್’ ಹೊಡೆಯುವ ಶೈಲಿಯನ್ನು ನಿಧಾನವಾಗಿ ಓದಿ. ನನ್ನ ಮಟ್ಟಿಗೆ ಈ ಕಲೆಯ ಎತ್ತರ ಅದೇ.

ಇನ್ನು ಹೆಸರಿನ ಹೋಲಿಕೆ. ‘ಗಲಗಲಿ’ ಯೂನಿಕೋಡಿನಲ್ಲಿ 5 ಸಂಕೇತ, ತಕರಾರಿಲ್ಲ. ‘ಬಾಗಲಕೋಟೆ’ಯ ‘ಕೋ’ದ ಸ್ವರಚಿಹ್ನೆಯನ್ನಾದರೋ 1 ಸಂಕೇತದಲ್ಲೂ ಬರೆಯಬಹುದು, 3ರಲ್ಲೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ವಿಕಿಪೀಡಿಯ ಕೂಡಿಸಿದ ರೂಪವನ್ನೇ ಇಡುತ್ತದೆ. ಹೊರಗಿನಿಂದ ಬಂದ ಹೆಸರನ್ನು 2.0 ಆವೃತ್ತಿಯ ಕಾಲಕ್ಕೆ ಬಂದ ‘ನಾರ್ಮಲೈಜ್-ಯೂನಿಕೋಡ್’ಗೆ ಕೊಟ್ಟೇ ಹೋಲಿಸಿದ್ದಾರೆಯೇ, ನೋಡಿ.